ದಾಕ್ಷಾಯಣಿ ಕೊಟ್ಟ ಬಿಳಿ ಕಣಗಳು

ಶಿವಮೊಗ್ಗದ ದುರ್ಗಿಗುಡಿಯಲ್ಲಿರುವ ಆ ಲ್ಯಾಬಿಗೆ ಬರುವವರಲ್ಲಿ ಅರ್ಧ ಜನ 'ದಾಕ್ಷಾಯಣಮ್ಮ ಇದ್ದಾರಾ?' ಎಂದು ಕೇಳಿಯೇ ಒಳಗೆ ಕಾಲಿಡುತ್ತಿದ್ದರು. ಇಲ್ಲ ಎಂದರೆ ನಾಳೆ ಬರುತ್ತೇವೆಂದು ಹೊರಟುಬಿಡುವವರೂ ಇದ್ದರು. ಇಪ್ಪತ್ತೆರಡು ವರ್ಷದಿಂದ ರಕ್ತ ತೆಗೆಯುವುದೇ ಅವಳ ಕೆಲಸ. ಬೇರೆಯವರು ಮೂರು ಕಡೆ ಚುಚ್ಚಿ ಸೋತ ಮುದುಕಿಯರ ಕೈಯಲ್ಲೂ, ಅತ್ತು ರಂಪ ಮಾಡುವ ಮಕ್ಕಳ ಕೈಯಲ್ಲೂ ಅವಳಿಗೆ ಒಂದೇ ಸಲಕ್ಕೆ ನರ ಸಿಗುತ್ತಿತ್ತು. ಮಾತು ಕಡಿಮೆ. 'ಮುಷ್ಟಿ ಕಟ್ಟಿ', 'ಈಗ ಬಿಡಿ', 'ಹತ್ತಿ ಒತ್ತಿ ಹಿಡ್ಕೊಳ್ಳಿ', ಇಷ್ಟನ್ನೇ ದಿನಕ್ಕೆ ಎಂಬತ್ತು ಸಲ ಹೇಳುತ್ತಿದ್ದಳು.

ಮನೆ ಭದ್ರಾವತಿಯ ಜನ್ನಾಪುರದಲ್ಲಿ. ಖಾಲಿ ಹೊಟ್ಟೆಯ ರಕ್ತ ಕೊಡುವವರು ಏಳಕ್ಕೆಲ್ಲ ಬಂದು ಕೂರುತ್ತಿದ್ದರಿಂದ ಅವಳು ಆರೂಕಾಲಿನ ಬಸ್ಸು ಹಿಡಿಯಲೇಬೇಕಿತ್ತು. ಗಂಡ ರೇಣುಕಾಪ್ರಸಾದ್ ಕಾರ್ಖಾನೆಯಲ್ಲಿ ಲೇತ್ ಮಷೀನಿನ ಮೇಲೆ ಗುತ್ತಿಗೆ ಕೆಲಸ ಮಾಡಿ, ಅದು ನಿಂತ ಮೇಲೆ ಮನೆಯ ಪಕ್ಕದಲ್ಲೇ ಪುಟ್ಟ ವರ್ಕ್‌ಶಾಪ್ ಹಾಕಿಕೊಂಡವನು. ಮಕ್ಕಳಾಗಲಿಲ್ಲ. ಅದರ ಬಗ್ಗೆ ಅವರಿಬ್ಬರೂ ಮಾತನಾಡುವುದನ್ನು ಬಿಟ್ಟು ಹತ್ತು ವರ್ಷವಾಗಿತ್ತು.

ತಿಂಗಳಿಗೊಮ್ಮೆ, ಸಾಮಾನ್ಯವಾಗಿ ಸೋಮವಾರ, ಅವಳ ತಂದೆ ಗಂಗಾಧರಪ್ಪ ಲ್ಯಾಬಿಗೆ ಬರುತ್ತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಯ ಮೇಲೆ ಮೂರು ಗೆರೆ ವಿಭೂತಿ. ಸಕ್ಕರೆ ಕಾಯಿಲೆಯ ಪರೀಕ್ಷೆ ಎಂಬುದು ನೆಪ. ಮಗನ ಮನೆಯಲ್ಲಿ ವಾಸವಿದ್ದ ಅವರಿಗೆ ಮಗಳನ್ನು ನೋಡಲು ಅದೊಂದೇ ದಾರಿ ಉಳಿದಿತ್ತು. ಮಗಳು ಸೂಜಿ ಚುಚ್ಚುವಷ್ಟು ಹೊತ್ತು ಅವಳ ಮುಖ ನೋಡಿ, ಹತ್ತಿ ಒತ್ತಿಕೊಂಡು ಐದು ನಿಮಿಷ ಹೆಚ್ಚೇ ಕೂತು ಎದ್ದು ಹೋಗುತ್ತಿದ್ದರು.

ಹೀಗಾಗಲು ಕಾರಣ ಹನ್ನೆರಡು ವರ್ಷದ ಹಿಂದಿನ ಒಂದು ಸಾಕ್ಷಿ. ದಾಕ್ಷಾಯಣಿಯ ತಮ್ಮ ವಿಜಯಕುಮಾರ್‌ಗೆ ಸವಳಂಗ ರಸ್ತೆಯಲ್ಲಿ ಟೈಲ್ಸ್ ಅಂಗಡಿ. ಊರಲ್ಲಿ ನಗುನಗುತ್ತಾ ಮಾತನಾಡುವವನು, ಮನೆಯಲ್ಲಿ ಕೈ ಎತ್ತುವವನು. ಮೊದಲ ಹೆಂಡತಿ ಸಮತಾಳ ಮಣಿಕಟ್ಟಿನ ಮೂಳೆ ಮುರಿದ ದಿನ ದಾಕ್ಷಾಯಣಿ ಹಬ್ಬಕ್ಕೆಂದು ಅದೇ ಮನೆಯಲ್ಲಿದ್ದಳು. ಸಮತಾ ಕೋರ್ಟಿಗೆ ಹೋದಾಗ ಅಲ್ಲಿದ್ದ ನೆಂಟರೆಲ್ಲ 'ಬಚ್ಚಲಲ್ಲಿ ಜಾರಿ ಬಿದ್ದಳು' ಎಂದರು. ದಾಕ್ಷಾಯಣಿ ಮಾತ್ರ ಕಟಕಟೆಯಲ್ಲಿ ನಿಂತು, 'ಬಿದ್ದಿದ್ದಲ್ಲ, ನನ್ನ ತಮ್ಮ ಅವಳ ಕೈಯನ್ನ ಬಾಗಿಲ ಸಂದಿಗೆ ಇಟ್ಟು ಒತ್ತಿದ್ದು. ನಾನು ಕಣ್ಣಾರೆ ನೋಡಿದ್ದೀನಿ' ಎಂದಳು. ಮದುವೆ ಮುರಿಯಿತು. ಕೋರ್ಟಿನ ಮೆಟ್ಟಿಲ ಮೇಲೆ ವಿಜಯಕುಮಾರ್ ನಾಲ್ಕು ಜನ ಕೇಳುವಂತೆ ಹೇಳಿದ: 'ಇವತ್ತಿಂದ ನಂಗೆ ಅಕ್ಕ ಇಲ್ಲ. ಸತ್ತಳು.'

ಅವಳು ತಿರುಗಿ ಮಾತನಾಡಲಿಲ್ಲ. ಒಡಹುಟ್ಟಿದವನು, ಒಂದು ವರ್ಷ ಹೋದರೆ ಸಿಟ್ಟು ಇಳಿದೀತು ಎಂದುಕೊಂಡಿದ್ದಳು. ಸಿಟ್ಟು ಇಳಿಯಲಿಲ್ಲ. ಎರಡನೆಯ ಮದುವೆಗೆ ಕರೆಯಲಿಲ್ಲ, ತಾಯಿ ತೀರಿಹೋದಾಗ ಹೆಣದ ಪಕ್ಕ ಕೂರಲು ಬಿಟ್ಟನೇ ಹೊರತು ಮಾತನಾಡಿಸಲಿಲ್ಲ.

ಹೋದ ವರ್ಷ ಯುಗಾದಿಯಾದ ಮೇಲೆ ಗಂಗಾಧರಪ್ಪ ಸೋಮವಾರವಲ್ಲದ ದಿನ ಲ್ಯಾಬಿಗೆ ಬಂದರು. ಕೈ ಚಾಚಲಿಲ್ಲ. ಜನವೆಲ್ಲ ಖಾಲಿಯಾಗುವವರೆಗೆ ಮೂಲೆಯ ಕುರ್ಚಿಯಲ್ಲಿ ಕೂತಿದ್ದು ಆಮೇಲೆ ಹೇಳಿದರು.

'ವಿಜಿಗೆ ರಕ್ತದ ಕ್ಯಾನ್ಸರ್ ಕಣೇ. ನಿಂಗೆ ಹೇಳಿರ್ಲಿಲ್ಲ, ಒಂದು ವರ್ಷ ಆಯ್ತು. ಔಷಧೀಲಿ ಹೋಯ್ತು ಅಂದ್ರು, ಮತ್ತೆ ಬಂತು. ಈಗ ಬೇರೆಯವರ ಅಸ್ಥಿಮಜ್ಜೆ ಹಾಕ್ಬೇಕಂತೆ. ದೇಶದಲ್ಲೆಲ್ಲ ಹುಡುಕಿದ್ರು, ಯಾರದ್ದೂ ಹೊಂದಲಿಲ್ಲ. ನಂಗೆ ವಯಸ್ಸಾಯ್ತು ಅಂದ್ರು. ಒಡಹುಟ್ಟಿದವರದ್ದು ಅರ್ಧ ಹೊಂದಿದ್ರೂ ಈಗ ಮಾಡ್ತಾರಂತೆ...'

ಅವರು ಇನ್ನೂ ಸುತ್ತು ಬಳಸಿ ಹೇಳುತ್ತಲೇ ಇದ್ದರು. ದಾಕ್ಷಾಯಣಿ ಕೈಗವಸು ಕಳಚಿ ಬುಟ್ಟಿಗೆ ಹಾಕಿ, 'ಯಾವತ್ತು ಹೋಗ್ಬೇಕು ಅಪ್ಪ?' ಎಂದಳು.

ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಆ ಚಿಕಿತ್ಸೆ. ಪರೀಕ್ಷೆಯಲ್ಲಿ ಅವಳದ್ದು ಅರ್ಧ ಹೊಂದಿತು. ಅಲ್ಲಿನ ಡಾಕ್ಟರ್ ಸುದರ್ಶನ ತಾಳ್ಮೆಯ ಮನುಷ್ಯ. ಅಕ್ಕ ತಮ್ಮ ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ವಿವರಿಸಿದರು. ವಿಜಯಕುಮಾರ್ ಹಾಸಿಗೆಯ ಮೇಲೆ ಮುಖಕ್ಕೆ ಮಾಸ್ಕ್ ಹಾಕಿ ಕೂತಿದ್ದ. ಕೂದಲಿರಲಿಲ್ಲ, ಕೆನ್ನೆ ಬತ್ತಿತ್ತು. ದಾಕ್ಷಾಯಣಿ ಬಾಗಿಲ ಬಳಿಯ ಕುರ್ಚಿಯಲ್ಲಿದ್ದಳು.

'ಅಕ್ಕನಿಂದ ಎರಡು ತರದ ಕಣ ತಗೋತೀವಿ,' ಎಂದರು ಡಾಕ್ಟರು. 'ಒಂದು, ರಕ್ತ ಹುಟ್ಟಿಸೋ ಕಣ. ಅದು ನಿಮ್ಮ ಮೂಳೆ ಒಳಗೆ ಹೋಗಿ ಬೇರು ಬಿಡುತ್ತೆ. ಇನ್ನೊಂದು, ಬಿಳಿ ಕಣಗಳಲ್ಲಿ ಕಾದಾಡೋ ಜಾತಿ. ಸೋಂಕಿನ ಮೇಲೂ ಕ್ಯಾನ್ಸರ್ ಮೇಲೂ ಬೀಳೋದು ಅವೇ. ಆದ್ರೆ ಅರ್ಧ ಮಾತ್ರ ಹೊಂದಾಣಿಕೆ ಇರೋದ್ರಿಂದ ಒಂದೊಂದ್ಸಲ ನಿಮ್ಮ ದೇಹವನ್ನೇ ಪರಕೀಯ ಅಂತ ತಿಳ್ಕೊಂಡು ತಿರುಗಿಬೀಳ್ತವೆ. ಚರ್ಮ, ಕರುಳು, ಲಿವರ್ ಎಲ್ಲ ಸುಡ್ತವೆ. ಅದಕ್ಕೆ ಈ ಹೊಸ ವಿಧಾನ. ಇನ್ನೂ ಪ್ರಯೋಗದ ಹಂತ. ಆ ಕಾದಾಡೋ ಕಣಗಳನ್ನ ಹೊರಗಡೆ ಬೆಳೆಸಿ ಒಂದೊಂದರೊಳಗೂ ಒಂದು ಸ್ವಿಚ್ ಇಡ್ತೀವಿ.'

'ಸ್ವಿಚ್ ಅಂದ್ರೆ?' ದಾಕ್ಷಾಯಣಿ ಕೇಳಿದಳು.

'ಒಂದು ವಂಶವಾಹಿ. ಪ್ರತಿ ಜೀವಕೋಶಕ್ಕೂ ತಾನಾಗೇ ಸಾಯೋ ವಿದ್ಯೆ ಹುಟ್ಟಿನಿಂದ್ಲೇ ಗೊತ್ತಿರುತ್ತೆ ಅಮ್ಮ. ಹಳೇದಾದ್ರೆ, ಕೆಟ್ಟರೆ, ತಾನೇ ಸಾಯುತ್ತೆ. ನಾವು ಇಡೋ ವಂಶವಾಹಿ ಆ ವಿದ್ಯೆಯನ್ನ ನಮಗೆ ಬೇಕಾದಾಗ ಎಬ್ಬಿಸುತ್ತೆ. ಅದಕ್ಕೆ ಅಂತಲೇ ಮಾಡಿದ ಒಂದು ಔಷಧಿ ಇದೆ. ಅದನ್ನ ಡ್ರಿಪ್‌ನಲ್ಲಿ ಕೊಟ್ಟು ಮುಗಿದ ಅರ್ಧ ಗಂಟೇಲಿ ನೂರಕ್ಕೆ ತೊಂಬತ್ತು ಕಣ ಸಾಯ್ತವೆ. ಸ್ವಿಚ್ ಇಲ್ಲದ ಕಣಗಳನ್ನ ಅದು ಮುಟ್ಟಲ್ಲ.'

'ಉಳಿದ ಹತ್ತು?'

ಡಾಕ್ಟರು ಮೆಚ್ಚುಗೆಯಿಂದ ನಕ್ಕರು. 'ಯಾವ ಕಣ ಹೆಚ್ಚು ಕೆರಳಿರುತ್ತೋ ಅದರಲ್ಲಿ ಸ್ವಿಚ್ ಹೆಚ್ಚು ಎಚ್ಚರ ಇರುತ್ತೆ. ಸಿಟ್ಟಿನವು ಮೊದಲು ಸಾಯ್ತವೆ. ಉಳಿಯೋದು ಶಾಂತವಾಗಿರೋವು. ಅವು ಇದ್ರೆ ಒಳ್ಳೇದೇ.'

ವಿಜಯಕುಮಾರ್ ಆಗ ಬಾಯಿ ತೆರೆದ. ಅಕ್ಕನ ಕಡೆ ನೋಡಲಿಲ್ಲ. 'ಅಂದ್ರೆ ಇವಳದ್ದು ಏನಾದ್ರೂ ತಕರಾರು ಮಾಡಿದ್ರೆ ಸಾಯಿಸ್ಬಹುದು. ಅಲ್ವಾ ಸರ್? ಹಂಗಿದ್ರೆ ಆಗಲಿ.'

ಹನ್ನೆರಡು ವರ್ಷದ ಮೇಲೆ ತಮ್ಮನ ದನಿ ಅವಳ ಕಿವಿಗೆ ಬಿದ್ದದ್ದು ಹೀಗೆ. ಡಾಕ್ಟರು ಒಂದು ಕ್ಷಣ ಇಬ್ಬರನ್ನೂ ನೋಡಿ ಕಾಗದಗಳನ್ನು ಮುಂದೆ ಸರಿಸಿದರು. ದಾಕ್ಷಾಯಣಿ ಎಲ್ಲಿ ಸಹಿ ಮಾಡಬೇಕೋ ಅಲ್ಲೆಲ್ಲ ಮಾಡಿದಳು.

ಐದು ದಿನ ಹೊಟ್ಟೆಗೆ ಚುಚ್ಚುಮದ್ದು. ಮೂಳೆಮೂಳೆಯೂ ಸಿಡಿಯುವಂಥ ನೋವು. ಆಮೇಲೆ ಯಂತ್ರದ ಪಕ್ಕ ಐದೈದು ಗಂಟೆ, ಒಂದು ಕೈಯಿಂದ ರಕ್ತ ಹೊರಗೆ, ಇನ್ನೊಂದು ಕೈಗೆ ವಾಪಸು. ಇಪ್ಪತ್ತೆರಡು ವರ್ಷ ಬೇರೆಯವರ ಕೈ ಹಿಡಿದವಳು ಈಗ ತಾನು ಕೈ ನೀಡಿ ಮಲಗಿದ್ದಳು. ನರ್ಸ್ ಹುಡುಗಿಗೆ ಮೊದಲ ಸಲ ನರ ಸಿಗಲಿಲ್ಲ. 'ಸ್ವಲ್ಪ ಮೇಲೆ ನೋಡಮ್ಮ, ಗಾಬರಿ ಬೇಡ' ಎಂದು ಇವಳೇ ಧೈರ್ಯ ಹೇಳಿದಳು.

ಅವಳ ರಕ್ತ ಹುಟ್ಟಿಸುವ ಕಣಗಳು ತಮ್ಮನ ಮೂಳೆಯಲ್ಲಿ ಬೇರು ಬಿಟ್ಟವು. ಕೆಲವು ವಾರದ ಮೇಲೆ ಸ್ವಿಚ್ ಇಟ್ಟ ಕಣಗಳನ್ನೂ ಕೊಟ್ಟರು. ಎಲ್ಲ ಸರಿಯಿದೆ ಎಂದು ತಂದೆ ಫೋನಿನಲ್ಲಿ ಹೇಳುತ್ತಿದ್ದರು. ಆ ಕಣ ಕೊಟ್ಟ ಹದಿನೆಂಟನೆಯ ದಿನ ಸರಿಯಿರಲಿಲ್ಲ. ಅಂಗೈ, ಅಂಗಾಲು ಕೆಂಪಾಗಿ ಬೊಬ್ಬೆ ಎದ್ದವು. ಮರುದಿನ ಬೆನ್ನು, ಎದೆ. ಕಣ್ಣು ಅರಿಶಿನದಂತಾಯಿತು, ಹೊಟ್ಟೆಯಲ್ಲಿ ಏನೂ ನಿಲ್ಲುತ್ತಿರಲಿಲ್ಲ.

ಅವತ್ತು ಮಧ್ಯಾಹ್ನ ದಾಕ್ಷಾಯಣಿ ಲ್ಯಾಬಿನಲ್ಲಿ ಬುತ್ತಿ ಬಿಚ್ಚುತ್ತಿದ್ದಾಗ ತಮ್ಮನ ಎರಡನೆಯ ಹೆಂಡತಿ ಅಮೂಲ್ಯಳ ಫೋನು ಬಂತು. ಅವಳು ಇವಳೊಂದಿಗೆ ಮಾತನಾಡಿದ್ದೇ ಅದು ಮೊದಲು.

'ನೀವು ಮನಸ್ಸಲ್ಲಿ ಏನಿಟ್ಕೊಂಡು ಕೊಟ್ರಿ? ಬಂದು ನೋಡಿ, ಮೈಯೆಲ್ಲ ಸುಟ್ಟಂಗಾಗಿದೆ. ಹನ್ನೆರಡು ವರ್ಷದ ಹಗೆ ನಿಮ್ಮ ರಕ್ತದಲ್ಲೇ ಇತ್ತು. ಅದೇ ಈಗ ಅವರನ್ನ ತಿಂತಿದೆ. ನಮ್ಮ ಅಮ್ಮ, ದೊಡ್ಡಮ್ಮ ಎಲ್ಲ ಅದನ್ನೇ ಅಂತಿದ್ದಾರೆ.'

'ಹಂಗೆಲ್ಲ ಇರಲ್ಲ ಅಮೂಲ್ಯ. ಡಾಕ್ಟರು ಮೊದಲೇ ಹೇಳಿದ್ರು...'

'ಡಾಕ್ಟರ್‌ಗೇನು ಗೊತ್ತು ನಿಮ್ಮ ವಿಷಯ?' ಎಂದು ಫೋನು ಇಟ್ಟಳು.

ಹಗೆ ರಕ್ತದಲ್ಲಿ ಇರುವುದಿಲ್ಲವೆಂದು ದಾಕ್ಷಾಯಣಿಗೆ ಗೊತ್ತಿತ್ತು. ದಿನಕ್ಕೆ ಎಂಬತ್ತು ಜನರ ರಕ್ತ ನೋಡುವವಳು. ಆದರೂ ಬುತ್ತಿಯನ್ನು ಮತ್ತೆ ಮುಚ್ಚಿಟ್ಟಳು. ತನ್ನೊಳಗೆ ಹಗೆ ಇರಲೇ ಇಲ್ಲವೆಂದು ಅವಳು ಯಾವ ದೇವರ ಮುಂದೆ ಪ್ರಮಾಣ ಮಾಡಬಲ್ಲಳು?

ಸಂಜೆಗೆ ಡಾಕ್ಟರು ಸ್ವಿಚ್ ಒತ್ತಿದರು. ಒತ್ತುವುದೆಂದರೆ ಎರಡು ಗಂಟೆಯ ಡ್ರಿಪ್, ಅಷ್ಟೇ. ಬೆಳಗಾಗುವಷ್ಟರಲ್ಲಿ ಮೈಯ ಕೆಂಪು ಇಳಿಯಿತು. ಮೂರನೆಯ ದಿನ ವಿಜಯಕುಮಾರ್ ಗಂಜಿ ಕುಡಿದ. ತಂದೆ ಫೋನು ಮಾಡಿದರು. ಅವರ ದನಿಯಲ್ಲಿ ಸಂತೋಷ ಉಕ್ಕುತ್ತಿತ್ತು. 'ನಿನ್ನವೆಲ್ಲ ಸತ್ತವಂತೆ ಕಣೇ! ಅರ್ಧ ಗಂಟೇಲಿ! ಬಚಾವಾದ.' ಹೇಳಿದ ಮೇಲೆ ಏನು ಹೇಳಿದೆನೆಂದು ಅವರಿಗೇ ಅನ್ನಿಸಿರಬೇಕು, ಸುಮ್ಮನಾದರು. ದಾಕ್ಷಾಯಣಿ 'ಒಳ್ಳೇದಾಯ್ತಲ್ಲ ಅಪ್ಪ' ಎಂದಳು. ನಿಜವಾಗಿಯೂ ಎದೆಯ ಮೇಲಿನ ಕಲ್ಲು ಇಳಿದಂತಾಗಿತ್ತು. ಜೊತೆಗೇ ಎಲ್ಲಿಯೋ ಒಂದು ಕಡೆ ಚುರುಕ್ ಎಂದಿತ್ತು.

ಚೇತರಿಸಿಕೊಂಡು ಶಿವಮೊಗ್ಗಕ್ಕೆ ಬಂದವನು ಅಂಗಡಿಯಲ್ಲಿ ಕೂರತೊಡಗಿದ. ಶ್ರಾವಣದಲ್ಲಿ ವಿನೋಬನಗರದ ಮನೆಯಲ್ಲಿ ಪೂಜೆಯಿಟ್ಟು, ಜಂಗಮರನ್ನು ಕರೆಸಿ ಊಟ ಹಾಕಿಸಿದ. ದಾಕ್ಷಾಯಣಿಗೆ ಕರೆಯಿರಲಿಲ್ಲ. ಊಟಕ್ಕೆ ಹೋಗಿದ್ದ ಒಬ್ಬ ಗಿರಾಕಿ ಮರುದಿನ ಲ್ಯಾಬಿನಲ್ಲಿ ತೋಳು ಚಾಚಿಕೊಂಡು ಸಹಜವಾಗಿ ಹೇಳಿದ: 'ನಿಮ್ಮ ತಮ್ಮ ಭೇಷಾಗಿದ್ದಾರೆ ಬಿಡಿ ಅಕ್ಕಾ. ಅಕ್ಕಂದು ಹಾಕಿದ್ರು, ತಿರುಗಿಬಿತ್ತು, ಎಲ್ಲ ಸಾಯಿಸಿದ್ರು, ಈಗ ನಂದೇ ನನಗೆ ಅಂತಿದ್ರು.'

ಅದು ಸುಳ್ಳು. ಸಾಯಿಸಿದ್ದು ಕಾದಾಡುವ ಕಣಗಳನ್ನು ಮಾತ್ರ. ಅವನ ಮೂಳೆಯಲ್ಲಿ ದಿನವೂ ಹೊಸದಾಗಿ ಹುಟ್ಟುತ್ತಿದ್ದ ರಕ್ತವೆಲ್ಲ ಅವಳದ್ದೇ. ಅವನ ರಕ್ತದ ಗುಂಪು ಕೂಡ ಬದಲಾಗಿ ಅವಳ ಗುಂಪಾಗಿತ್ತು. ಇದನ್ನು ಎರಡು ಮಾತಿನಲ್ಲಿ ಹೇಳಿಬಿಡಬಹುದಿತ್ತು. ಅವಳು 'ಮುಷ್ಟಿ ಕಟ್ಟಿ' ಎಂದಳು.

ಆದರೆ ಆ ಮಾತು ಅವಳೊಳಗೆ ಕೂತುಬಿಟ್ಟಿತು. ಸುಟ್ಟ ಗಾಯಕ್ಕಿಂತ ಬೊಬ್ಬೆ ಒಡೆದ ಮೇಲಿನ ಉರಿಯೇ ಹೆಚ್ಚು ಎನ್ನುತ್ತಾರಲ್ಲ, ಹಾಗೆ. ಬಸ್ಸಿನಲ್ಲಿ ಕೂತಾಗ, ಪಾತ್ರೆ ತೊಳೆಯುವಾಗ, 'ಎಲ್ಲ ಸಾಯಿಸಿದ್ರು' ಎಂಬುದು ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು. ಸಾಕ್ಷಿ ಹೇಳಿದ್ದಕ್ಕೆ ಅವನು ಬೈದಿದ್ದನ್ನು ಅವಳು ಹನ್ನೆರಡು ವರ್ಷ ಹೊತ್ತಿದ್ದಳು. ಕೊಟ್ಟಿದ್ದಕ್ಕೂ ಬೈಸಿಕೊಳ್ಳುವುದು ಅವಳಿಂದಾಗಲಿಲ್ಲ.

ಶಿವರಾತ್ರಿ ಕಳೆದು ಒಂದು ವಾರವಾಗಿತ್ತು. ಭಾನುವಾರ ಬೆಳಿಗ್ಗೆ ಗಂಗಾಧರಪ್ಪ ಬಸ್ಸಿಳಿದು, ದಾರಿ ಕೇಳಿಕೊಂಡು ಜನ್ನಾಪುರದ ಮನೆಗೇ ಬಂದರು. ಎಷ್ಟೋ ವರ್ಷದ ಮೇಲೆ ಆ ಹೊಸ್ತಿಲು ದಾಟಿದ್ದರು. ರೇಣುಕಾಪ್ರಸಾದ್ ಎದ್ದು ಕುರ್ಚಿ ಹಾಕಿದ. ಮುದುಕರು ನೀರು ಕುಡಿದು ವಿಷಯಕ್ಕೆ ಬಂದರು.

'ಮತ್ತೆ ಬಂದಿದೆ ಕಣೇ. ಮತ್ತೆ ಆಸ್ಪತ್ರೆ ಸೇರಿಸಿದ್ದೀವಿ. ನಿನ್ನ ಕಾದಾಡೋ ಕಣ ಇನ್ನೊಂದ್ಸಲ ಬೇಕಂತೆ. ಹೋದ ಸಲದ್ದರಲ್ಲಿ ಉಳಿದ ಅಷ್ಟಿಷ್ಟು ಸಾಲದಂತೆ. ಈ ಸಲವೂ ಅದೇ ಸ್ವಿಚ್ ಇಟ್ಟು ಕೊಡ್ತಾರಂತೆ, ಭಯ ಇಲ್ಲ ಅಂದ್ರು.'

'ಯಾರಿಗೆ ಭಯ ಇಲ್ಲ ಅಪ್ಪ?'

ಅವರಿಗೆ ಅರ್ಥವಾಗಲಿಲ್ಲ. ದಾಕ್ಷಾಯಣಿ ಒಲೆಯ ಮೇಲಿದ್ದ ಹಾಲು ಇಳಿಸಿ ಬಂದು ಅವರೆದುರು ನೆಲದ ಮೇಲೆ ಕೂತಳು.

'ಕೊಡ್ತೀನಿ. ಇಲ್ಲ ಅನ್ನಲ್ಲ. ಆದ್ರೆ ವಿಜಿ ಒಂದು ಫೋನ್ ಮಾಡ್ಲಿ. ಕ್ಷಮೆ ಕೇಳೋದು ಬೇಡ, ಏನೂ ಬೇಡ. ಅಕ್ಕಾ, ಬಾ ಅನ್ಲಿ. ಅಷ್ಟು ಅಂದ್ರೆ ಮುಂದಿನ ರೈಲಿಗೆ ಹೊರಡ್ತೀನಿ.'

'ಸಾಯೋ ಸ್ಥಿತೀಲಿರೋನ ಹತ್ರ ಹಟ ಹಿಡೀತೀಯಾ ಮಾರಾಯ್ತಿ?'

'ಸಾಯೋ ಸ್ಥಿತೀಲಿರೋನು ಹಟ ಹಿಡೀಬಹುದಾ?'

ಗಂಗಾಧರಪ್ಪ ಮೊಣಕಾಲ ಮೇಲೆ ಕೈಯೂರಿ ಎದ್ದರು. 'ಹೇಳ್ತೀನಿ' ಎಂದರು.

ಅವಳು ಕಾದಳು. ಮೊದಲ ದಿನ ಫೋನು ಬರುತ್ತದೆಂದೇ ನಂಬಿ ಲ್ಯಾಬಿನಲ್ಲಿ ಮೊಬೈಲನ್ನು ಮೇಜಿನ ಮೇಲೆ ಕಣ್ಣಿಗೆ ಕಾಣುವಂತೆ ಇಟ್ಟುಕೊಂಡಳು. ಎರಡನೆಯ ದಿನವೂ. ಮೂರನೆಯ ದಿನ ಆಸ್ಪತ್ರೆಯ ಕಚೇರಿಯಿಂದ ಒಬ್ಬರು ಮಾತನಾಡಿ, 'ಯಾವಾಗ ಬರ್ತೀರಿ ಮೇಡಂ?' ಎಂದು ಕೇಳಿದರು. 'ತಿಳಿಸ್ತೀನಿ' ಎಂದಳು. ಐದನೆಯ ದಿನ ಊಟಕ್ಕೆ ಕೂತಾಗ ರೇಣುಕಾಪ್ರಸಾದ್ ಹೇಳಿದ.

'ಹೋಗಿ ಬಾ ದಾಕ್ಷಿ. ಒಂದು ಫೋನಿಗೆ ಯಾಕಿಷ್ಟು?'

'ಅದನ್ನೇ ಅವನಿಗೂ ಕೇಳಿ. ಒಂದು ಫೋನಿಗೆ ಯಾಕಿಷ್ಟು?'

'ಅವನು ಹಂಗೇ. ನೀನು ಹಂಗಲ್ಲ ಅಂದ್ಕೊಂಡಿದ್ದೆ.'

ಆ ಮಾತು ನಾಟಿತು. ನಾಟಿದ್ದರಿಂದಲೇ ಅವಳು ಇನ್ನೂ ಗಟ್ಟಿಯಾದಳು. ಆರು, ಏಳು, ಎಂಟು. ತಾನು ಕೇಳಿದ್ದು ಎಷ್ಟು ಸಣ್ಣದು ಎಂದು ದಿನದಿನವೂ ಅಳೆದು ನೋಡುತ್ತಿದ್ದಳು. ಅದು ಸಣ್ಣದಾದಷ್ಟೂ ಅವನು ಕೊಡದಿರುವುದು ದೊಡ್ಡದಾಗಿ ಕಾಣುತ್ತಿತ್ತು. ಒಂಬತ್ತನೆಯ ದಿನ ಬೆಳಿಗ್ಗೆ ಲ್ಯಾಬಿನಲ್ಲಿ ಕೀಮೋ ಪಡೆಯುತ್ತಿದ್ದ ಒಬ್ಬ ಹೆಂಗಸಿನ ತೋಳು ಹಿಡಿದಳು. ಹಗ್ಗದಂತೆ ಒಣಗಿದ ತೋಳು, ಎಲ್ಲಿ ಒತ್ತಿದರೂ ನರ ಸಿಗದು. ಮೊದಲ ಸಲಕ್ಕೆ ಸಿಗಲಿಲ್ಲ. ಎರಡನೆಯ ಸಲಕ್ಕೂ ಸಿಗಲಿಲ್ಲ. ಪಕ್ಕದವಳಿಗೆ ಸಿರಿಂಜ್ ಕೊಟ್ಟು, ರಜೆ ಬರೆದಿಟ್ಟು, ಬಸ್ ಸ್ಟ್ಯಾಂಡಿನಿಂದಲೇ ಗಂಡನಿಗೆ ಫೋನು ಮಾಡಿ ಬೆಂಗಳೂರಿಗೆ ಹೊರಟಳು.

ವಿಜಯಕುಮಾರ್ ಗಾಜಿನ ಕೋಣೆಯಲ್ಲಿದ್ದ. ಮೂಗಿಗೆ ಆಕ್ಸಿಜನ್ ನಳಿಕೆ. ಅವಳು ಗಾಜಿನ ಹೊರಗೆ ನಿಂತಳು. ಅವನು ಕಣ್ಣು ತೆರೆದು ನೋಡಿದ. ಮುಖದಲ್ಲಿ ಆಶ್ಚರ್ಯವಾಗಲಿ ಸಿಟ್ಟಾಗಲಿ ಇರಲಿಲ್ಲ. ಸುಮ್ಮನೆ ಬಹಳ ಹೊತ್ತು ನೋಡಿದ. ಮರುದಿನದಿಂದ ಅವಳು ಯಂತ್ರಕ್ಕೆ ಕೂತಳು. ಅದು ಮುಗಿದು ಹೊರಬಂದಾಗ ಅಮೂಲ್ಯ ಒಂದು ಪೊಟ್ಟಣ ಇಡ್ಲಿ ತಂದು ಪಕ್ಕದಲ್ಲಿಟ್ಟು, ಎತ್ತಲೋ ನೋಡುತ್ತಾ ಹೇಳಿದಳು: 'ಅವಳು ಬೆಳಗ್ಗಿಂದ ಏನೂ ತಿಂದಿರಲ್ಲ, ಏನಾದ್ರೂ ಕೊಡು ಅಂತ ಇವರೇ ಅಂದ್ರು. ತಿನ್ನಿ.'

ದಾಕ್ಷಾಯಣಿ ಇಡ್ಲಿ ತಿಂದಳು. ಕಣ್ಣು ತುಂಬಿಬಂದು ಚಟ್ನಿ ಯಾವುದು ಸಾಂಬಾರು ಯಾವುದು ಎಂದು ಕಾಣಲಿಲ್ಲ. 'ಅಕ್ಕಾ' ಅನ್ನಲಿಲ್ಲ ನಿಜ. ಅಂದಂತೆಯೇ ಆಯಿತು ಎಂದುಕೊಂಡಳು.

ಕಣಗಳಿಗೆ ಸ್ವಿಚ್ ಇಡಬೇಕು, ಬೆಳೆಸಬೇಕು, ಸೋಂಕಿಲ್ಲವೆಂದು ಪರೀಕ್ಷಿಸಬೇಕು. ಸ್ವಿಚ್ ಸರಿಯಾಗಿ ಕೂತಿದೆಯೇ ಎಂದು ಸ್ವಲ್ಪ ಕಣಗಳನ್ನು ಸಾಯಿಸಿ ನೋಡಬೇಕು. ಹತ್ತೊಂಬತ್ತು ದಿನ ಬೇಕೆಂದರು. ಅವಳು ಊರಿಗೆ ಮರಳಿ ಕೆಲಸಕ್ಕೆ ಹೋಗತೊಡಗಿದಳು. ಹದಿನಾಲ್ಕನೆಯ ದಿನ ಶ್ವಾಸಕೋಶದ ಸೋಂಕು ಏರಿ ವಿಜಯಕುಮಾರ್ ತೀರಿಕೊಂಡ.

ಶಿವಮೊಗ್ಗಕ್ಕೆ ತಂದು, ಕೂರಿಸಿ, ವಿಭೂತಿ ಹಚ್ಚಿ, ರುದ್ರಭೂಮಿಯಲ್ಲಿ ಮಣ್ಣು ಮಾಡಿದರು. ದಾಕ್ಷಾಯಣಿಯನ್ನು ಯಾರೂ ಬರಬೇಡವೆನ್ನಲಿಲ್ಲ. ಹೆಂಗಸರ ಸಾಲಿನಲ್ಲಿ ಯಾರೂ ಸರಿದು ಜಾಗ ಕೊಡಲೂ ಇಲ್ಲ. ಅವಳು ಚಪ್ಪಲಿಗಳ ಪಕ್ಕ ನಿಂತಿದ್ದು, ಸರದಿ ಬಂದಾಗ ಒಂದು ಹಿಡಿ ಮಣ್ಣು ಹಾಕಿ ಬಂದಳು.

ಎಂಟು ದಿನದ ಮೇಲೆ ಆಸ್ಪತ್ರೆಯಿಂದ ಫೋನು. ಕಣಗಳು ಸಿದ್ಧವಾಗಿ ಶೈತ್ಯಾಗಾರದಲ್ಲಿವೆ, ರೋಗಿ ಇಲ್ಲದ್ದರಿಂದ ಏನು ಮಾಡಬೇಕೆಂದು ಕೊಟ್ಟವರೇ ಸಹಿ ಮಾಡಬೇಕು, ನಿಯಮ ಹಾಗಿದೆ ಎಂದರು. ಕಾಗದ ಅಂಚೆಯಲ್ಲಿ ಕಳಿಸುತ್ತೇವೆ ಎಂದರೂ ಅವಳು ತಾನೇ ಹೋದಳು. ಡಾಕ್ಟರ್ ಸುದರ್ಶನ ಎದ್ದು ಕೂರಿಸಿದರು. ಕಾಗದದಲ್ಲಿ ಎರಡೇ ಸಾಲು: ಸಂಶೋಧನೆಗೆ ಇಟ್ಟುಕೊಳ್ಳಬಹುದು, ಅಥವಾ ನಾಶಮಾಡಬಹುದು.

'ಸಂಶೋಧನೆ ಅಂದ್ರೆ ಏನ್ ಮಾಡ್ತೀರಿ ಡಾಕ್ಟ್ರೇ?'

'ಮುಖ್ಯವಾಗಿ ಸ್ವಿಚ್ ಪರೀಕ್ಷೆನೇ. ಔಷಧಿ ಹಾಕಿ, ಎಷ್ಟು ಹೊತ್ತಲ್ಲಿ ಎಷ್ಟು ಸಾಯ್ತವೆ ಅಂತ ಲೆಕ್ಕ ಹಾಕೋದು. ಮುಂದಿನವರಿಗೆ ಉಪಯೋಗ ಆಗುತ್ತೆ.'

ಅವಳು ಪೆನ್ನು ಹಿಡಿದು ಕೂತಿದ್ದಳು. ಬಸ್ಸಿನಲ್ಲಿ ಬೆರಳ ಗೆಣ್ಣು ಎಣಿಸುತ್ತಾ ಬಂದಿದ್ದನ್ನು ಕೊನೆಗೆ ಕೇಳಿದಳು.

'ಅಪ್ಪ ಬಂದು ಹೇಳಿದ ದಿನವೇ ನಾನು ಬಂದಿದ್ರೆ, ಹತ್ತೊಂಬತ್ತು ದಿನಕ್ಕೆ ಕಣ ತಯಾರಾಗ್ತಿತ್ತು. ಅವನು ಹೋಗಿದ್ದು ಇಪ್ಪತ್ತಮೂರನೇ ದಿನ. ನಾಲ್ಕು ದಿನ ಮೊದಲೇ ಅವನಿಗೆ ಸಿಗ್ತಿತ್ತು. ಬದುಕ್ತಿದ್ನಾ?'

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. 'ಆ ಕಣ ಕೊಟ್ಟ ತಕ್ಷಣ ಕೆಲಸ ಮಾಡಲ್ಲ ಅಮ್ಮ, ವಾರಗಟ್ಟಲೆ ಬೇಕು. ನಾಲ್ಕು ದಿನದಲ್ಲಿ ಬಹುಶಃ ಏನೂ ಆಗ್ತಿರ್ಲಿಲ್ಲ.'

'ಬಹುಶಃ.'

'ಖಂಡಿತ ಅಂತ ಹೇಳೋಕೆ ನನ್ನಿಂದಾಗಲ್ಲ. ಸುಳ್ಳು ಹೇಳಿದಂಗಾಗುತ್ತೆ.'

ಸುಳ್ಳು ಹೇಳಿದ್ದರೆ ಅವಳೇ ಅವರನ್ನು ನಂಬುತ್ತಿರಲಿಲ್ಲ. ನಾಶಮಾಡಿ ಎಂಬ ಸಾಲಿನೆದುರು ಗುರುತು ಹಾಕಿ ಸಹಿ ಮಾಡಿದಳು. ಮುಂದಿನವರಿಗೆ ಉಪಯೋಗವಾಗಲಿ ಎನ್ನುವಷ್ಟು ದೊಡ್ಡ ಮನಸ್ಸು ಆ ಹೊತ್ತಿನಲ್ಲಿ ಅವಳಿಗೆ ಇರಲಿಲ್ಲ. ಯಾವುದೋ ಗಾಜಿನ ತಟ್ಟೆಯಲ್ಲಿ ಅವುಗಳನ್ನು ಮತ್ತೆ ಮತ್ತೆ ಸಾಯಿಸಿ ನೋಡುವುದನ್ನು ನೆನೆಯಲೂ ಆಗಲಿಲ್ಲ.

ಇಷ್ಟನ್ನೂ ತಂದೆಗೆ ಹೇಳಿಬಿಡಬೇಕೆಂದು ಅವಳಿಗೆ ಅನ್ನಿಸಿತು. ಗಂಡ ಬೇಡವೆಂದ. 'ಮುದುಕರಿಗೆ ಯಾಕೆ? ಅವರೇನೂ ಕೇಳಿಲ್ಲವಲ್ಲ.' ಕೇಳದೇ ಇರುವುದೇ ಅವಳಿಗೆ ತಡೆಯಲಾಗುತ್ತಿರಲಿಲ್ಲ. ಒಂಬತ್ತು ದಿನದ ವಿಷಯ ಗೊತ್ತಿದ್ದವರು ಮೂವರೇ, ಅದರಲ್ಲಿ ತಂದೆ ಒಬ್ಬರು. ನೆಂಟರ ಮುಂದೆ ಅವರು ಆ ಮಾತೇ ಎತ್ತಿರಲಿಲ್ಲ.

ಮುಂದಿನ ಭಾನುವಾರ ಮಧ್ಯಾಹ್ನ ವಿನೋಬನಗರದ ಮನೆಗೆ ಹೋದಳು. ಅಮೂಲ್ಯ ಬಾಗಿಲು ತೆಗೆದು, ಏನೂ ಹೇಳದೆ ಒಳಗೆ ಹೋದಳು. ಗಂಗಾಧರಪ್ಪ ಹಿಂದಿನ ಜಗಲಿಯಲ್ಲಿ ಕೂತಿದ್ದರು. ಹದಿನೈದು ದಿನದಲ್ಲಿ ಹತ್ತು ವರ್ಷ ಹೆಚ್ಚು ವಯಸ್ಸಾದವರಂತೆ ಇಳಿದುಹೋಗಿದ್ದರು. ದಾಕ್ಷಾಯಣಿ ಪಕ್ಕದಲ್ಲಿ ಕೂತು, ದಿನಗಳ ಲೆಕ್ಕವನ್ನು ಒಂದೂ ಬಿಡದೆ ಹೇಳಿದಳು. 'ನಾಲ್ಕು ದಿನ ಇತ್ತು ಅಪ್ಪ. ನಾನು ಕೂತ್ಕೊಂಡು ಫೋನ್ ಕಾದೆ. ಅವನೊಂದು ಫೋನ್ ಮಾಡ್ಬಾರ್ದಿತ್ತಾ? ನೀವು ಹೇಳ್ದಾಗ ಏನಂದ? ಅದನ್ನಾದ್ರೂ ಹೇಳಿ. ಬೈದನಾ?'

ಅವರು ಹಿತ್ತಲಿನ ಕಡೆ ನೋಡುತ್ತಿದ್ದರು. ಆಮೇಲೆ ಹೇಳಿದರು.

'ನಾನು ಹೇಳ್ಲಿಲ್ಲ ಕಣೇ.'

'ಏನು?'

'ಅವನಿಗೆ ಹೇಳ್ಲೇ ಇಲ್ಲ. ಹೋದೆ, ಪಕ್ಕದಲ್ಲಿ ಕೂತೆ. ಅಕ್ಕ ಬರ್ತಾಳಾ ಅಂತ ಅವನೇ ಕೇಳ್ದ. ಬರ್ತಾಳೆ, ಲ್ಯಾಬಲ್ಲಿ ರಜೆ ಸಿಗ್ಬೇಕು ಅಂದೆ. ನೀನು ಹಿಂಗೆ ಷರತ್ತು ಹಾಕಿದ್ದೀಯಾ ಅಂದ್ರೆ ಬೇಡವೇ ಬೇಡ ಅಂದ್ಬಿಡ್ತಾನೆ ಅಂತ ಹೆದರ್ಕೊಂಡೆ. ನಿಂಗೇ ನಾಲ್ಕು ದಿನಕ್ಕೆ ಮನಸ್ಸು ಕರಗುತ್ತೆ ಅಂದ್ಕೊಂಡೆ. ದಿನಾ ಕೇಳೋನು, ರಜೆ ಸಿಕ್ತಂತಾ ಅಂತ.'

ದಾಕ್ಷಾಯಣಿಗೆ ಗಾಜಿನಾಚೆಯಿಂದ ಬಹಳ ಹೊತ್ತು ನೋಡಿದ ಆ ಮುಖ ಕಣ್ಣಿಗೆ ಕಟ್ಟಿತು. ಅವನು ಯಾವ ಹಟವನ್ನೂ ಹಿಡಿದಿರಲಿಲ್ಲ. ಅಕ್ಕನಿಗೆ ರಜೆ ಸಿಗಲೆಂದು ಕಾಯುತ್ತಿದ್ದ.

'ಹೇಳ್ಬೇಕಿತ್ತು ಅಪ್ಪ ನೀವು,' ಎಂದಳು. ದನಿ ಅವಳದ್ದಲ್ಲವೆಂಬಂತಿತ್ತು. 'ಮಾಡ್ತಿದ್ನೋ ಏನೋ.'

'ಹೌದು. ಹೇಳ್ಬೇಕಿತ್ತು.' ಗಂಗಾಧರಪ್ಪ ಮೊದಲ ಸಲ ಮಗಳ ಕಡೆ ತಿರುಗಿದರು. 'ನೀನೂ ಕೇಳ್ದೇ ಕೊಡ್ಬೇಕಿತ್ತು.'

ಒಳಗೆ ಅಮೂಲ್ಯ ಮಿಕ್ಸಿ ಓಡಿಸುತ್ತಿದ್ದಳು. ಅದು ನಿಂತ ಮೇಲೆ ಬಾಗಿಲಿಗೆ ಬಂದು, 'ಮಾವ, ಊಟಕ್ಕೆ ಬನ್ನಿ' ಎಂದಳು. ಸ್ವಲ್ಪ ತಡೆದು, 'ನೀವೂ' ಎಂದಳು. ದಾಕ್ಷಾಯಣಿ 'ಬೇಡಮ್ಮ, ಬಸ್ಸಿಗೆ ಹೊತ್ತಾಯ್ತು' ಎಂದು ಎದ್ದಳು. ಬಸ್ಸಿಗೆ ಹೊತ್ತೇನೂ ಆಗಿರಲಿಲ್ಲ. ಭದ್ರಾವತಿಗೆ ಹತ್ತು ನಿಮಿಷಕ್ಕೊಂದು ಬಸ್ಸಿದೆ.